ಬಲಿ ಬೇಡಿದವರ ಹೆಸರು

ಐತಿಹ್ಯವೊಂದನ್ನು ಕೇಳಿದೊಡನೆ ನಮ್ಮಂಥ ಓದುಬರಹ ಬಲ್ಲವರ ಬಾಯಿಗೆ ಬರುವುದು ಒಂದೇ ಪ್ರಶ್ನೆ: ‘ಇದು ನಿಜವಾಗಿ ನಡೆದದ್ದೆ?’ ನಡೆದದ್ದೆಂದು ತೋರಿದರೆ ಅದನ್ನು ಇತಿಹಾಸಕ್ಕೆ ಸೇರಿಸುತ್ತೇವೆ. ಇಲ್ಲವೆಂದು ತೋರಿದರೆ ಅಜ್ಜಿಕತೆಯೆಂದು ಮಕ್ಕಳಿಗೆ ಬಿಟ್ಟುಕೊಡುತ್ತೇವೆ. ಹೇಗಾದರೂ ನಮ್ಮ ಪಾಲಿನ ಕೆಲಸ ಮುಗಿಯಿತು. ಆದರೆ ಕೆಲವು ಕತೆಗಳು ಈ ಪ್ರಶ್ನೆಗೆ ಉತ್ತರ ಸಿಕ್ಕಿದ ಮೇಲೂ ನಮ್ಮನ್ನು ಬಿಡುವುದಿಲ್ಲ. ಅವು ನಡೆದವೋ ಇಲ್ಲವೋ ಎಂಬುದಕ್ಕಿಂತ, ಅವನ್ನು ಹೇಳಿ ಕೇಳಿ ನಾವು ಎಂಥ ಜನರಾದೆವು ಎಂಬುದೇ ಅಲ್ಲಿ ದೊಡ್ಡ ಪ್ರಶ್ನೆಯಾಗುತ್ತದೆ.

ನಮ್ಮ ಊರಿನ ಹೆಸರಿನ ಕತೆಯನ್ನೇ ನೋಡಿ. ಬೇಟೆಗೆ ಬಂದು ದಾರಿ ತಪ್ಪಿದ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟು ಹಸಿವು ತಣಿಸಿದಳಂತೆ. ಊರು ‘ಬೆಂದಕಾಳೂರು’ ಆಯಿತಂತೆ. ಆದರೆ ಬೇಗೂರಿನ ದೇವಾಲಯದಲ್ಲಿ ಸುಮಾರು 890ರ ಒಂದು ಶಾಸನವಿದೆ. ಅದರಲ್ಲಿ ‘ಬೆಂಗಳೂರು ಕಾಳಗ’ದ ಪ್ರಸ್ತಾಪ ಬರುತ್ತದೆ. ವೀರಬಲ್ಲಾಳ ಪಟ್ಟಕ್ಕೆ ಬಂದದ್ದು ಹನ್ನೆರಡನೆಯ ಶತಮಾನದಲ್ಲಿ. ಎಂದರೆ ಹೆಸರು ಅರಸನಿಗಿಂತ ಮುನ್ನೂರು ವರ್ಷ ಹಿರಿಯದು. ಕತೆ ಇತಿಹಾಸವಾಗಿ ಬಿದ್ದುಹೋಯಿತು. ಆದರೂ, ಬಂದವನು ಯಾರು ಏನು ಎಂದು ವಿಚಾರಿಸದೆ ಇದ್ದುದರಲ್ಲೇ ಉಣಬಡಿಸಿದ ಆ ಮುದುಕಿ ಬಿದ್ದುಹೋಗಲಿಲ್ಲ. ಅವಳನ್ನು ನಾವು ಬಿಟ್ಟುಕೊಡಲು ಸಿದ್ಧರಿಲ್ಲ. ಬಿಟ್ಟುಕೊಡಬೇಕಾಗಿಯೂ ಇಲ್ಲ. ಇದು ಹಗುರವಾದ ಕತೆ. ಇದರಿಂದ ಯಾರಿಗೂ ಕೇಡಿಲ್ಲ.

ಎಲ್ಲ ಕತೆಗಳೂ ಇಷ್ಟು ಹಗುರವಲ್ಲ. ನಾನು ವಾಸವಾಗಿರುವ ಬೊಮ್ಮನಹಳ್ಳಿಯ ಉತ್ತರಕ್ಕೆ ಕೋರಮಂಗಲ, ದಕ್ಷಿಣಕ್ಕೆ ಬೇಗೂರು. ಕೋರಮಂಗಲದ ಒಂದು ಉದ್ಯಾನದಲ್ಲಿ ಲಕ್ಷ್ಮಮ್ಮನ ಸಮಾಧಿಯೆಂದು ಜನ ಕೈಮುಗಿಯುವ ಚಿಕ್ಕ ಗುಡಿಯಿದೆ. ಆಕೆಯ ಕತೆ ಬೆಂಗಳೂರಿನವರಿಗೆ ಹೊಸದಲ್ಲ. 1537ರಲ್ಲಿ ಕೆಂಪೇಗೌಡರು ಕೋಟೆ ಕಟ್ಟಿಸುತ್ತಿದ್ದಾಗ ದಕ್ಷಿಣದ ಹೆಬ್ಬಾಗಿಲು ಹಗಲು ನಿಂತು ರಾತ್ರಿ ಬೀಳುತ್ತಿತ್ತು. ಗರ್ಭಿಣಿಯೊಬ್ಬಳ ಬಲಿಯಾಗದೆ ಅದು ನಿಲ್ಲದೆಂದು ಹೇಳಿದರು. ಗೌಡರಿಗೆ ಅದು ಒಪ್ಪಿಗೆಯಾಗಲಿಲ್ಲ. ಮಾವನ ಚಿಂತೆಯನ್ನು ಕಂಡ ಸೊಸೆ, ಆಗ ತುಂಬು ಬಸುರಿ, ನಡುರಾತ್ರಿ ಯಾರಿಗೂ ಹೇಳದೆ ಹೋಗಿ ಬಾಗಿಲ ಬಳಿ ತನ್ನ ಕೊರಳನ್ನು ತಾನೇ ಕತ್ತರಿಸಿಕೊಂಡಳು. ಬಾಗಿಲು ನಿಂತಿತು. ಮಾವ ಆಕೆಗೆ ಗುಡಿ ಕಟ್ಟಿಸಿದರು.

ಇದು ಐತಿಹ್ಯ, ಐತಿಹ್ಯವೆಂದೇ ನಾನೂ ಹೇಳುತ್ತಿದ್ದೇನೆ. ಆದರೆ ಇದನ್ನು ಕೇಳಿದವರೆಲ್ಲರ ಕಣ್ಣು ಆಕೆಯ ಮೇಲೆ ನಿಲ್ಲುತ್ತದೆ. ಯಾರೂ ಒಂದು ಹೆಜ್ಜೆ ಹಿಂದಕ್ಕೆ ಹೋಗಿ, ‘ಬಲಿ ಬೇಕೆಂದು ಹೇಳಿದವರು ಯಾರು?’ ಎಂದು ಕೇಳುವುದಿಲ್ಲ. ನಾನು ಕತೆಯನ್ನು ಮೇಲೆ ಹೇಳಿದ ರೀತಿಯನ್ನೇ ವಾಚಕರು ಇನ್ನೊಮ್ಮೆ ನೋಡಬಹುದು. ‘ಹೇಳಿದರು’ ಎಂದಷ್ಟೇ ಇದೆ. ಕರ್ತೃಪದವಿಲ್ಲ. ಕೊಟ್ಟವಳ ಹೆಸರು ಐದು ಶತಮಾನವಾಗುತ್ತ ಬಂದರೂ ಉಳಿದಿದೆ. ಕೇಳಿದವರ ಹೆಸರು ಮಾತ್ರ ಮೊದಲ ದಿನವೇ ಅಳಿಸಿಹೋಗಿದೆ.

ಇದು ನಮ್ಮ ಒಂದು ಊರಿನ ಕತೆಯಷ್ಟೇ ಅಲ್ಲ. ‘ಕೆರೆಗೆ ಹಾರ’ ಎಂಬ ಜನಪದ ಕಥನಗೀತವನ್ನು ಶಾಲೆಯಲ್ಲಿಯೋ ಕಾಲೇಜಿನಲ್ಲಿಯೋ ಓದದ ಕನ್ನಡಿಗರು ವಿರಳ. ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ, ಹನಿ ನೀರಿಲ್ಲ. ಜೋಯಿಸರು ಸೊಸೆಯೊಬ್ಬಳನ್ನು ಕೊಡಬೇಕೆನ್ನುತ್ತಾರೆ. ಹಿರಿಯಳನ್ನು ಕೊಟ್ಟರೆ ಮನೆವಾರ್ತೆ ನೋಡುವವರಾರು? ಕಿರಿಯಳಾದ ಭಾಗೀರಥಿಯ ಹೆಸರು ನಿಲ್ಲುತ್ತದೆ. ಅವಳ ಗಂಡ ದಂಡಿನಲ್ಲಿದ್ದಾನೆ. ಅವಳು ತವರಿಗೆ ಹೋಗುತ್ತಾಳೆ. ಮನೆ ಬಿಟ್ಟು ಬೇರೆ ಇಡುತ್ತಾರಂತೆ ಎಂದಷ್ಟೇ ತಂದೆ ತಾಯಿಗೆ ಹೇಳುತ್ತಾಳೆ. ನಿಜ ಹೇಳುವುದು ಗೆಳತಿಗೆ ಮಾತ್ರ. ಆ ಗೆಳತಿಯೂ ಇಟ್ಟ ಹಾಗೆ ಇರಬೇಕೆಂದೇ ಬುದ್ಧಿ ಹೇಳುತ್ತಾಳೆ. ಕೊನೆಗೆ ಮನೆಮಂದಿಯೆಲ್ಲ ಹೋಗಿ ಗಂಗೆಯ ಪೂಜೆ ಮಾಡಿ ಹಿಂತಿರುಗುವಾಗ ಬಂಗಾರದ ಪಾತ್ರೆಯೊಂದನ್ನು ಮರೆತವರಂತೆ ಬಿಟ್ಟುಬಂದು, ಅದನ್ನು ತರಲು ಅವಳೊಬ್ಬಳನ್ನೇ ಕಳಿಸುತ್ತಾರೆ. ಒಂದೊಂದು ಮೆಟ್ಟಿಲಿಗೂ ನೀರೇರುತ್ತದೆ.

ಆ ‘ಹಾರ’ ಎಂಬ ಮಾತು ಕೊರಳಿಗೆ ಹಾಕುವ ಮಾಲೆಯೂ ಹೌದು, ‘ಆಹಾರ’ವೂ ಹೌದು. ಎರಡು ಅರ್ಥಗಳ ನಡುವಿನ ದೂರವೇ ನಮ್ಮ ನೈತಿಕ ಪ್ರಶ್ನೆಯ ಉದ್ದಗಲ. ಕೆರೆಗೆ ಆಹಾರವಾದವಳನ್ನು ಕೆರೆಯ ಕೊರಳಿನ ಮಾಲೆಯೆಂದು ಕರೆದರೆ ನಡೆದದ್ದು ಬದಲಾಗುವುದಿಲ್ಲ. ನೋಡುವವರ ಮನಸ್ಸಿಗೆ ಸಮಾಧಾನವಾಗುತ್ತದೆ ಅಷ್ಟೆ.

ಇನ್ನೂ ದೂರ ಹೋದರೂ ಇದೇ ಕತೆ. ಇಂದು ಅಲ್ಬೇನಿಯದಲ್ಲಿರುವ ಸ್ಕಾಡರ್ ಎಂಬ ಊರಿನ ಕೋಟೆಯ ಬಗ್ಗೆ ಸರ್ಬಿಯದವರು ಒಂದು ಹಾಡು ಹಾಡುತ್ತಿದ್ದರು. ಮೂವರು ಅಣ್ಣತಮ್ಮಂದಿರು ಕಟ್ಟಿಸುವ ಕೋಟೆ ನಿಲ್ಲುವುದಿಲ್ಲ. ನಾಳೆ ಬುತ್ತಿ ತರುವ ಹೆಂಡತಿಯನ್ನು ಗೋಡೆಯೊಳಗಿಟ್ಟು ಕಟ್ಟಬೇಕು. ಯಾರೂ ಮನೆಯಲ್ಲಿ ಬಾಯಿ ಬಿಡಬಾರದು ಎಂದು ಆಣೆಯಿಡುತ್ತಾರೆ. ಹಿರಿಯರಿಬ್ಬರು ರಾತ್ರಿಯೇ ಹೆಂಡತಿಯರಿಗೆ ಗುಟ್ಟು ಹೇಳುತ್ತಾರೆ. ಮಾತಿಗೆ ತಪ್ಪದ ಕಿರಿಯನ ಹೆಂಡತಿ ಬುತ್ತಿ ಹೊತ್ತು ಬರುತ್ತಾಳೆ. ರುಮೇನಿಯದ ಆರ್ಜೆಶ್ ಮಠಕ್ಕೂ ಗ್ರೀಸಿನ ಆರ್ಟಾ ಸೇತುವೆಗೂ ಇಂಥವೇ ಕತೆಗಳಿವೆ. ಇವನ್ನು ಕುರಿತ ಲೇಖನಗಳನ್ನು ಅಮೆರಿಕದ ಜಾನಪದ ವಿದ್ವಾಂಸ ಅಲನ್ ಡಂಡೀಸ್ 1996ರಲ್ಲಿ ಒಂದು ಗ್ರಂಥವಾಗಿ ಕೂಡಿಸಿದ್ದಾರೆ. ಎಲ್ಲ ಕಡೆಯೂ ಕಟ್ಟಡ ಗಂಡಸರದು, ಬಲಿ ಹೆಂಗಸಿನದು. ಹೆಂಗಸರಲ್ಲೂ ಉಪಾಯ ಮಾಡುವವರಿಲ್ಲದವಳದು, ಎಲ್ಲರಿಗಿಂತ ಕಿರಿಯಳದು. ದೈವ ಯಾವ ದೇಶದಲ್ಲೂ ಮನೆಯ ಯಜಮಾನನನ್ನು ಕೇಳಿದಂತೆ ಕಾಣೆ. ದೈವಕ್ಕೆ ನಮ್ಮ ಮನೆಯ ಮರ್ಯಾದೆಯ ಕ್ರಮ ಇಷ್ಟು ಚೆನ್ನಾಗಿ ಗೊತ್ತಿರುವುದು ಹೇಗೆ ಎಂದು ಆಶ್ಚರ್ಯಪಡಬೇಕಾಗಿದೆ.

ಇದಕ್ಕೆ ಭಿನ್ನವಾದ ಜಾಡಿನ ಕತೆಗಳೂ ಲೋಕದಲ್ಲಿ ಉಂಟು. ಇಂಗ್ಲೆಂಡಿನ ನೈಋತ್ಯದ ಕೊನೆಯಲ್ಲಿ ಸಮುದ್ರಕ್ಕೆ ಚಾಚಿಕೊಂಡಿರುವ ಕಾರ್ನ್‌ವಾಲ್ ಎಂಬ ನಾಡಿದೆ. ನಮಗೂ ಅದಕ್ಕೂ ಏನು ಸಂಬಂಧ ಎನ್ನಬೇಡಿ. ಅದು ತವರ, ತಾಮ್ರಗಳ ಗಣಿಗಳ ನಾಡು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಲಂಡನ್ನಿನ ಜಾನ್ ಟೇಲರ್ ಕಂಪೆನಿ ನಮ್ಮ ಕೋಲಾರದ ಚಿನ್ನದ ಗಣಿಗಳ ಆಡಳಿತ ನಡೆಸುತ್ತಿದ್ದಾಗ ಕಸುಬು ಬಲ್ಲ ಗಣಿಗಾರರು ಅಲ್ಲಿಂದ ಇಲ್ಲಿಗೆ ಬಂದರು. 2001ರಲ್ಲಿ ಮುಚ್ಚಿಹೋದ ಆ ಗಣಿಗಳ ಚರಿತ್ರೆಯಲ್ಲಿ ಕಾರ್ನ್‌ವಾಲಿನವರದೂ ಒಂದು ಅಧ್ಯಾಯ. ನೆಲದಡಿಯಲ್ಲಿ ಕುಳ್ಳ ಭೂತಗಳಿವೆಯೆಂದೂ, ಬಂಡೆ ಕುಸಿಯುವ ಮೊದಲು ಅವು ಗೋಡೆ ತಟ್ಟಿ ಎಚ್ಚರಿಸುತ್ತವೆಯೆಂದೂ ಆ ಜನ ನಂಬಿದ್ದರು. ‘ನಾಕರ್’, ಎಂದರೆ ತಟ್ಟುವವರು, ಎಂದು ಅವಕ್ಕೆ ಹೆಸರು. ತಿಂದ ಬುತ್ತಿಯ ಕೊನೆಯ ತುಣುಕನ್ನು ಅವಕ್ಕೆಂದು ಬಿಡುತ್ತಿದ್ದರಂತೆ. ಇಲ್ಲಿ ಭೂತವು ಪ್ರಾಣ ಕೇಳುವುದಿಲ್ಲ, ರೊಟ್ಟಿಯ ಚೂರಿಗೆ ಬದಲಾಗಿ ಪ್ರಾಣ ಉಳಿಸುತ್ತದೆ! ದುಡಿಯುವವನು ತಾನೇ ಕಟ್ಟಿದ ಕತೆಗೂ ದುಡಿಸುವವನ ಪರವಾಗಿ ಕಟ್ಟಿದ ಕತೆಗೂ ಇಷ್ಟು ಅಂತರವಿರುತ್ತದೆ.

ಆ ನಾಡಿನ ಇನ್ನೊಂದು ಕತೆ ನಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ್ದು. ರಾಬರ್ಟ್ ಹಂಟ್ ಎಂಬವರು 1865ರಲ್ಲಿ ಪ್ರಕಟಿಸಿದ ಸಂಗ್ರಹದಲ್ಲಿ ಅದು ದೊರೆಯುತ್ತದೆ. ಟ್ರೆಗೀಗಲ್ ಎಂಬ ಪಾರುಪತ್ಯಗಾರ ಬಡವರನ್ನೂ ಅನಾಥರನ್ನೂ ದೋಚಿ ಸತ್ತ. ಅವನ ಕೈಗೆ ಹಣ ಸಲ್ಲಿಸಿದ್ದ ಒಬ್ಬನ ಲೆಕ್ಕ ಪುಸ್ತಕಕ್ಕೆ ಏರಿರಲಿಲ್ಲ. ಮೊಕದ್ದಮೆ ಬಾಡ್ಮಿನ್ ಊರಿನ ನ್ಯಾಯಾಲಯಕ್ಕೆ ಬಂತು. ‘ಹಣ ಕೊಟ್ಟದ್ದಕ್ಕೆ ಟ್ರೆಗೀಗಲ್ಲನೇ ಸಾಕ್ಷಿ’ ಎಂದು ಪ್ರತಿವಾದಿ ಕೂಗಿದಾಗ ಸತ್ತವನು ಎದ್ದು ಬಂದು ಕಟಕಟೆಯಲ್ಲಿ ನಿಂತು ನಿಜ ನುಡಿದನಂತೆ. ಆದರೆ ಎದ್ದುಬಂದವನನ್ನು ಮತ್ತೆ ನರಕಕ್ಕೆ ಒಪ್ಪಿಸಲು ಪಾದ್ರಿಗಳಿಗೆ ಮನಸ್ಸು ಬರಲಿಲ್ಲ. ಮುಗಿಯದ ಒಂದು ಕೆಲಸ ಕೊಟ್ಟರು: ಡೋಜ್ಮರಿ ಎಂಬ ಕೊಳವನ್ನು ತೂತುಬಿದ್ದ ಒಂದು ಚಿಪ್ಪಿನಿಂದ ಮೊಗೆದು ಬರಿದುಮಾಡಬೇಕು. ಬಿರುಗಾಳಿ ಬೀಸಿದಾಗ ಕೇಳುವ ಊಳಾಟ ಅವನದೇ ಎನ್ನುತ್ತಾರೆ.

ಆ ಕೊಳಕ್ಕೆ ತಳವಿಲ್ಲವೆಂಬ ಪ್ರತೀತಿಯಿತ್ತು. ಹತ್ತೊಂಬತ್ತನೆಯ ಶತಮಾನದ ಒಂದು ಬರಗಾಲದಲ್ಲಿ ಅದು ಬತ್ತಿ ತಳ ಕಂಡಿತು. ಟ್ರೆಗೀಗಲ್ಲನ ಶಿಕ್ಷೆ ಮುಗಿಯಿತೆಂದು ಮಾತ್ರ ಯಾರೂ ಹೇಳಲಿಲ್ಲ! ಜನ ಕ್ಷಮಿಸದಿದ್ದರೆ ಕೊಳ ಬತ್ತಿ ಫಲವೇನು?

ಈಗ ಎರಡು ನೀರುಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬಹುದು. ಅಲ್ಲಿನ ಕೊಳದಲ್ಲಿ ಅನ್ಯಾಯ ಮಾಡಿದವನ ಹೆಸರು ಉಳಿದಿದೆ; ಅವನಿಂದ ಕೆಟ್ಟ ಅನಾಥರಲ್ಲಿ ಒಬ್ಬರ ಹೆಸರೂ ಉಳಿದಿಲ್ಲ. ಇಲ್ಲಿನ ಕೆರೆಯಲ್ಲಿ ಅನ್ಯಾಯಕ್ಕೆ ಒಳಗಾದವಳ ಹೆಸರು ಉಳಿದಿದೆ. ಜೋಯಿಸನ ಹೆಸರು ಉಳಿದಿಲ್ಲ. ಒಂದು ಜನ ಸಾಲಗಾರನನ್ನು ನೆನಪಿಟ್ಟಿತು, ಇನ್ನೊಂದು ಜನ ಸಾಲ ಕೊಟ್ಟವಳನ್ನು ನೆನಪಿಟ್ಟಿತು. ಎರಡೂ ಅರ್ಧ ಲೆಕ್ಕ. ನಮ್ಮದು ಹೆಚ್ಚು ಮೃದುವಾದ, ಹೆಚ್ಚು ಕೃತಜ್ಞವಾದ ಅರ್ಧವೆಂದು ನಾನು ಹೆಮ್ಮೆಪಡಬಲ್ಲೆ. ಆದರೆ ಆ ಹೆಮ್ಮೆಯ ಒಳಗೇ ಒಂದು ಅಪಾಯವಿದೆ. ಪೂಜೆ ಸಲ್ಲಿಸಿದರೆ ಸಾಲ ತೀರಿತೆಂಬ ಭಾವನೆ ಬರುತ್ತದೆ. ಗುಡಿ ಕಟ್ಟುವುದು ತಪ್ಪೊಪ್ಪಿಗೆಯೂ ಆಗಬಹುದು, ಬಾಯಿ ಮುಚ್ಚಿಸುವ ಉಪಾಯವೂ ಆಗಬಹುದು.

ಪೂರ್ಣ ಲೆಕ್ಕ ಇಡುವುದು ನಮ್ಮವರಿಗೆ ತಿಳಿಯದ ವಿದ್ಯೆಯೇನೂ ಆಗಿರಲಿಲ್ಲ. ಬೇಗೂರಿನಿಂದಲೇ ಬಂದ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದ ಪ್ರಸಿದ್ಧ ವೀರಗಲ್ಲನ್ನು ಅನೇಕರು ನೋಡಿರಬಹುದು. ಗಂಗ ಅರಸು ಎರೆಯಪ್ಪ ಯಾರ ಮೇಲೆ ಯಾರ ನೆರವಿಗೆ ಪಡೆ ಕಳಿಸಿದ, ನಾಗತ್ತರ ತುಂಬೇಪಾಡಿಯಲ್ಲಿ ಹೇಗೆ ಹೋರಾಡಿ ಮಡಿದ, ಅದನ್ನು ಕೇಳಿ ಅರಸ ಇರುಗನಿಗೆ ನಾಗತ್ತರನ ಪಟ್ಟವನ್ನೂ ಬೆಂಪೂರು ಹನ್ನೆರಡನ್ನೂ ಹೇಗೆ ಕೊಟ್ಟ ಎಂಬುದೆಲ್ಲ ಅದರ ಮೇಲಿದೆ. ಕಳಿಸಿದವನ ಹೆಸರು, ಸತ್ತವನ ಹೆಸರು, ಸತ್ತ ಸ್ಥಳ, ಅದಕ್ಕೆ ಸಂದದ್ದು: ನಾಲ್ಕೂ ಒಂದೇ ಕಲ್ಲಿನಲ್ಲಿ. ಕಾದಿ ಮಡಿದವನ ಮನೆಯವರಿಗೆ ಕೊಡುವ ಭೂಮಿಗೆ ‘ನೆತ್ತರುಗೊಡಗೆ’ ಎಂಬ ಹೆಸರೇ ಇತ್ತು. ಆ ಕಾಲದ ಯುದ್ಧಗಳನ್ನು ನಾನು ಹೊಗಳುತ್ತಿಲ್ಲ. ನೆತ್ತರಿಗೆ ನೆತ್ತರೆಂದೇ ಹೆಸರಿಟ್ಟರು, ಹಾರವೆನ್ನಲಿಲ್ಲ ಎಂಬುದಷ್ಟೇ ನನ್ನ ಮಾತು. ಇಬ್ಬರದೂ ಊರಿಗಾಗಿ ಬಂದ ಸಾವೇ. ದಂಡಾಳಿನ ಸಾವಿಗೆ ಲೆಕ್ಕವಿಟ್ಟರು, ಸೊಸೆಯ ಸಾವಿಗೆ ಕತೆ ಕಟ್ಟಿದರು.

ಇಲ್ಲಿ ಒಂದು ಆಕ್ಷೇಪ ಬರಬಹುದು. ‘ಲಕ್ಷ್ಮಮ್ಮನನ್ನು ಯಾರೂ ತಳ್ಳಲಿಲ್ಲ, ಆಕೆ ತಾನಾಗಿ ಹೋದಳು. ಅದು ಬಲಿಯಲ್ಲ, ತ್ಯಾಗ. ತ್ಯಾಗವನ್ನು ಹೀಗೆ ತಕ್ಕಡಿಗೆ ಹಾಕಿ ತೂಗುವುದು ಆಕೆಗೆ ಮಾಡುವ ಅಪಚಾರವಲ್ಲವೆ?’ ಈ ಮಾತಿನಲ್ಲಿ ಬೆಲೆಯಿದೆ, ಇದನ್ನು ತಳ್ಳಿಹಾಕಲಾರೆ. ತಾನಾಗಿ ಕೊಟ್ಟದ್ದಕ್ಕೂ ಕಿತ್ತುಕೊಂಡದ್ದಕ್ಕೂ ಭೂಮ್ಯಾಕಾಶದ ಅಂತರವಿದೆ. ಮುಳುಗುವ ಮಗುವನ್ನು ಎತ್ತಲು ಧುಮುಕಿದವನನ್ನು ‘ನಿನಗೆ ಯಾರು ಹೇಳಿದರು?’ ಎಂದು ಕೇಳುವವನು ಮೂರ್ಖ. ಆದರೆ ಆ ಮಗುವಿನ ಸುತ್ತ ಇದ್ದದ್ದು ನಿಜವಾದ ನೀರು. ಲಕ್ಷ್ಮಮ್ಮನ ಸುತ್ತ ಇದ್ದದ್ದು ಒಂದು ಮಾತು: ‘ಗರ್ಭಿಣಿ ಬೇಕು’. ಆ ಮಾತನ್ನು ಯಾರೋ ಆಡಿದರು, ಉಳಿದವರು ನಂಬಿದರು. ಆ ಮನೆಯಲ್ಲಿ ಬಸುರಿಯಾಗಿದ್ದವಳಿಗೆ ಅದು ಬರಿಯ ಸುದ್ದಿಯಾಗಿ ಕೇಳಿಸಿರಲಾರದು. ಹೆಸರು ಹಿಡಿದು ಕರೆಯದೆಯೂ ಕರೆಯಬಹುದು. ತ್ಯಾಗ ಆಕೆಯದೇ ಇರಲಿ. ಆ ತ್ಯಾಗ ಅವಶ್ಯವಾಗುವ ಹಾಗೆ ಮಾಡಿದ ಮಾತು ಆಕೆಯದಲ್ಲ. ಆಕೆಯ ಹಿರಿಮೆಗೆ ತಲೆಬಾಗುವುದು ಒಂದು ಕರ್ತವ್ಯ. ಆ ಮಾತಿಗೆ ಲೆಕ್ಕ ಕೇಳುವುದು ಇನ್ನೊಂದು ಕರ್ತವ್ಯ. ಮೊದಲನೆಯದನ್ನು ಮಾಡಿದೆವೆಂದು ಎರಡನೆಯದರಿಂದ ಬಿಡುಗಡೆಯಿಲ್ಲ.

ಇದೆಲ್ಲ ಹಳೆಯ ಕತೆಯ ಸೂಕ್ಷ್ಮ ವಿಚಾರವೆಂದು ತೋರಬಹುದು. ಒಂದು ಸಲ ತರಗತಿಯಲ್ಲಿ ಭಾಗೀರಥಿಯ ಪಾಠ ಮುಗಿದಾಗ ವಿದ್ಯಾರ್ಥಿನಿಯೊಬ್ಬಳು ಎದ್ದು, “ಸಾರ್, ಆ ಕೆರೆ ಗಂಡುಮಗನನ್ನು ಯಾಕೆ ಕೇಳಲಿಲ್ಲ?” ಎಂದಳು. ಹುಡುಗರು ನಕ್ಕರು. ಅವಳು ನಗಲಿಲ್ಲ. ಅವಳ ತಾಯಿ ಹೊಸೂರು ರಸ್ತೆಯ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿಗೆಯ ಕೆಲಸಕ್ಕೆ ಹೋಗುವವರು. “ಮನೆಗೆ ಕಷ್ಟ ಬಂದರೆ ಮೊದಲು ನಿಲ್ಲೋದು ನನ್ನ ಓದು ಸಾರ್. ತಮ್ಮನದಲ್ಲ. ಯಾರೂ ನಿಲ್ಲಿಸು ಅಂತ ಹೇಳೋದಿಲ್ಲ. ನಾನೇ ಬಿಡ್ತೀನಿ ಅಂತ ಹೇಳಬೇಕು, ಆಮೇಲೆ ಎಲ್ಲರೂ ಒಳ್ಳೆ ಹುಡುಗಿ ಅಂತಾರೆ,” ಎಂದಳು. ಐತಿಹ್ಯವನ್ನು ಕುರಿತು ನಾನು ಓದಿದ ಪುಸ್ತಕಗಳಲ್ಲಿ ಇದಕ್ಕಿಂತ ಸ್ಪಷ್ಟವಾದ ವ್ಯಾಖ್ಯಾನವಿಲ್ಲ. ‘ಒಳ್ಳೆ ಹುಡುಗಿ’ ಎಂಬ ಮೂರು ಹಿಡಿ ಗಾತ್ರದ ಗುಡಿ ನಮ್ಮ ಮನೆಮನೆಯಲ್ಲೂ ಇದೆ.

ಬೀದಿಯಲ್ಲೂ ಇದೆ. ನಮ್ಮ ವೃತ್ತಪತ್ರಿಕೆಗಳ ತಲೆಬರಹಗಳಲ್ಲಿ ‘ಬಲಿ’ ಎಂಬ ಶಬ್ದ ಎಷ್ಟು ಸಲ ಬರುತ್ತದೆಂಬುದನ್ನು ವಾಚಕರು ಗಮನಿಸಿರಬಹುದು. ‘ರಸ್ತೆಗುಂಡಿಗೆ ಯುವಕ ಬಲಿ’, ‘ವಿದ್ಯುತ್ ತಂತಿಗೆ ಕಾರ್ಮಿಕ ಬಲಿ’, ‘ಮ್ಯಾನ್‌ಹೋಲಿಗೆ ಇಬ್ಬರು ಬಲಿ’. ಬಲಿಯೆಂದ ಮೇಲೆ ಅದನ್ನು ಸ್ವೀಕರಿಸುವ ದೈವವೊಂದು ಇರಬೇಕಷ್ಟೆ. ಇಲ್ಲಿ ಗುಂಡಿಯೇ ದೈವ, ತಂತಿಯೇ ದೈವ. ಗುಂಡಿಯನ್ನು ಮುಚ್ಚಬೇಕಾಗಿದ್ದವನು ಜೋಯಿಸನಂತೆ ವಾಕ್ಯದಿಂದ ಜಾರಿಕೊಂಡಿದ್ದಾನೆ. ಮಲದ ಗುಂಡಿಗೆ ಮನುಷ್ಯನನ್ನು ಇಳಿಸುವುದನ್ನು 2013ರ ಕಾನೂನು ನಿಷೇಧಿಸಿದೆ. ಆದರೂ ಸಾವು ಸಂಭವಿಸಿದಾಗ ನಮ್ಮ ಭಾಷೆ ಕಾನೂನಿನ ಮಾತನ್ನು ಬಿಟ್ಟು ಕಥನಗೀತದ ಮಾತನ್ನೇ ಆಡುತ್ತದೆ.

ದೊಡ್ಡ ಸೇತುವೆ ಕಟ್ಟುವಾಗ ಮಕ್ಕಳನ್ನು ಹಿಡಿದು ಕಂಬಕ್ಕೆ ಹಾಕುತ್ತಾರಂತೆ ಎಂಬ ಗುಲ್ಲು ನಮ್ಮ ದೇಶದಲ್ಲಿ ಬ್ರಿಟಿಷರ ಕಾಲದಿಂದ ಕೇಳಿಬಂದದ್ದು. ನನ್ನ ಅಜ್ಜಿಯೂ ಹೊಳೆಯ ಸೇತುವೆಯ ಕಡೆಗೆ ಆಟಕ್ಕೆ ಹೋಗಬೇಡಿರೆಂದು ಇದೇ ಹೇಳಿ ಹೆದರಿಸುತ್ತಿದ್ದರು. ನಾವು ಕಲಿತವರು ಅದನ್ನು ಮೌಢ್ಯವೆಂದು ನಗುತ್ತೇವೆ, ನಗಬೇಕಾದದ್ದೇ. ಆದರೆ 2023ರ ಜನವರಿಯಲ್ಲಿ ನಾಗವಾರದ ಬಳಿ ಕಟ್ಟುತ್ತಿದ್ದ ಮೆಟ್ರೊ ಕಂಬದ ಕಬ್ಬಿಣದ ಹಂದರ ರಸ್ತೆಯ ಮೇಲೆ ಉರುಳಿ, ವಾಹನದಲ್ಲಿ ಹೋಗುತ್ತಿದ್ದ ತಾಯಿಯೊಬ್ಬಳೂ ಅವಳ ಎಳೆಯ ಮಗನೂ ಸತ್ತರು. ಅಲ್ಲಿ ಯಾವ ದೈವವೂ ಏನನ್ನೂ ಕೇಳಿರಲಿಲ್ಲ. ಮನುಷ್ಯರು ಕಟ್ಟಿದ್ದು, ಮನುಷ್ಯರು ಎಚ್ಚರವಾಗಿರಬೇಕಾಗಿದ್ದದ್ದು. 2025ರ ಆಗಸ್ಟ್‌ನಿಂದ ನಮ್ಮ ಬೊಮ್ಮನಹಳ್ಳಿಯ ಮೇಲೂ ಮೆಟ್ರೊ ಓಡುತ್ತಿದೆ. ಅದರಲ್ಲಿ ಕುಳಿತು ಕೆಳಗಿನ ವಾಹನಗಳ ಸಾಲನ್ನು ನೋಡುತ್ತ ಸುಖವಾಗಿ ಹೋಗುವವರಲ್ಲಿ ನಾನೂ ಒಬ್ಬ. ಊರಿಗೆ ಬಾಗಿಲು ಬೇಕು, ಕೆರೆ ಬೇಕು, ರೈಲು ಬೇಕು. ಇವು ಬೇಡವೆನ್ನುವ ವೈರಾಗ್ಯ ನನಗಿಲ್ಲ. ಆದರೆ ‘ದೊಡ್ಡ ಕೆಲಸವೆಂದ ಮೇಲೆ ಒಂದೆರಡು ಜೀವ ಹೋಗುವುದೇ’ ಎಂದು ನಾವು ನಿಟ್ಟುಸಿರುಬಿಟ್ಟಾಗಲೆಲ್ಲ ಹೆಸರಿಲ್ಲದ ಆ ಜೋಯಿಸ ನಮ್ಮ ಬಾಯಿಂದಲೇ ಮಾತಾಡುತ್ತಾನೆ.

ಹಾಗಾದರೆ ಈ ಕತೆಗಳನ್ನು ಪಠ್ಯದಿಂದ ತೆಗೆದುಹಾಕೋಣವೆ, ಮಕ್ಕಳಿಗೆ ಹೇಳುವುದನ್ನು ನಿಲ್ಲಿಸೋಣವೆ? ಖಂಡಿತ ಕೂಡದು. ಮರೆತರೆ ಕೊಟ್ಟವಳ ಹೆಸರೂ ಹೋಗುತ್ತದೆ. ಅರ್ಧ ಲೆಕ್ಕವೂ ಉಳಿಯುವುದಿಲ್ಲ. ಹಾಡು ಕಟ್ಟಿದವರು ನಾವು ಅಂದುಕೊಂಡಷ್ಟು ಮುಗ್ಧರೂ ಅಲ್ಲ. ಕೆರೆ ತುಂಬಿದೊಡನೆ ಅವರು ಮಂಗಳ ಹಾಡಿ ಮುಗಿಸಲಿಲ್ಲ. ದಂಡಿನಿಂದ ಗಂಡ ಬರುತ್ತಾನೆ. ಮನೆಯವರು ತವರಿಗೆ ಹೋದಳೆನ್ನುತ್ತಾರೆ, ಗೆಳತಿಯ ಮನೆಗೆ ಹೋದಳೆನ್ನುತ್ತಾರೆ; ಒಂದು ಸುಳ್ಳಿನ ಮೇಲೆ ಇನ್ನೊಂದು ಸುಳ್ಳು. ನಿಜ ತಿಳಿದ ಮೇಲೆ ಅವನು ಅದೇ ಕೆರೆಗೆ ಹಾರುತ್ತಾನೆ. ಯಾರೂ ಬೇಡದಿದ್ದ ಈ ಎರಡನೆಯ ಸಾವನ್ನು ಹಾಡಿನೊಳಗೆ ಏಕೆ ಇಟ್ಟರು? ಊರಿನವರು ನ್ಯಾಯವೆಂದದ್ದನ್ನು ಹಾಡಿದ ಹೆಂಗಸರು ನ್ಯಾಯವೆನ್ನಲಿಲ್ಲ. ಎದುರು ನಿಂತು ಹೇಳುವ ಶಕ್ತಿ ಅವರಿಗಿರಲಿಲ್ಲ. ರಾಗಿ ಬೀಸುತ್ತ ಹಾಡಿನ ಕೊನೆಯಲ್ಲಿ ತಮ್ಮ ತೀರ್ಪನ್ನು ಸೇರಿಸಿಬಿಟ್ಟರು. ಅವರು ಅಷ್ಟು ಮಾಡಿದರು. ಉಳಿದದ್ದು ಎದುರು ನಿಂತು ಕೇಳುವ ಅನುಕೂಲವಿರುವ ನಮ್ಮ ಪಾಲಿಗೆ ಬಂದಿದೆ.

ಆ ಕೆಲಸ ದೊಡ್ಡದೇನಲ್ಲ. ಲಕ್ಷ್ಮಮ್ಮನ ಗುಡಿಗೆ ಮಕ್ಕಳನ್ನು ಕರೆದುಕೊಂಡು ಹೋದಾಗ ಕೈಮುಗಿಸಿದ ಮೇಲೆ, ‘ಬಾಗಿಲು ಬೀಳುತ್ತಿದ್ದರೆ ಯಾರನ್ನು ಕೇಳಬೇಕಾಗಿತ್ತು? ತಳಪಾಯ ಹಾಕಿದವರನ್ನಲ್ಲವೆ?’ ಎಂದು ಒಂದು ಮಾತು ಕೇಳಬಹುದು. ತಲೆಬರಹ ಬರೆಯುವವರು ‘ಬಲಿ’ಯೆಂಬ ಮಾತನ್ನು ಬಿಟ್ಟು, ಗುಂಡಿಯನ್ನು ತೆರೆದಿಟ್ಟವರು ಯಾರೆಂದು ವಿಚಾರಿಸಿ ಬರೆಯಬಹುದು. ಮನೆಯಲ್ಲಿ ಯಾರಾದರೂ ‘ನನಗೆ ಬೇಡ, ನಾನೇ ಬಿಡುತ್ತೇನೆ’ ಎಂದಾಗ ಹೊಗಳುವ ಮೊದಲು, ಹಾಗೆ ಹೇಳಬೇಕಾದ ಸ್ಥಿತಿ ಪ್ರತಿಸಲವೂ ಅವಳಿಗೇ ಏಕೆ ಬರುತ್ತದೆಂದು ಒಂದು ಕ್ಷಣ ಯೋಚಿಸಬಹುದು. ಹಾಗೆ ಕೇಳಿದರೆ ಯಾವ ದೈವಕ್ಕೂ ಮುನಿಸು ಬರಲಾರದು. ಮುನಿಸು ಬರುವುದಾದರೆ ಇಷ್ಟು ಕಾಲ ಹೆಸರು ಮರೆಸಿಕೊಂಡು ಬದುಕಿದವರಿಗೆ ಬಂದೀತು; ಅವರಿಗೆ ಬರಲಿ.